ವಾಷಿಂಗ್ಟನ್ನಿನ ಗುಟ್ಟುಗಳು ಮತ್ತು ಓಟಿನ ಲೆಕ್ಕ

2009ರ ಮೇ ತಿಂಗಳಲ್ಲಿ ಅಮೆರಿಕದ ಥಿಯೇಟರುಗಳಿಗೆ ‘ಔಟ್‌ರೇಜ್’ ಎಂಬ ಡಾಕ್ಯುಮೆಂಟರಿ ಬಂತು. ನಿರ್ದೇಶಕ ಕರ್ಬಿ ಡಿಕ್. ಒಂದೂವರೆ ಗಂಟೆಯ ಈ ಚಿತ್ರದ ವಿಷಯ ಇಷ್ಟು: ಸ್ವತಃ ಸಲಿಂಗಿಗಳಾಗಿದ್ದು, ಅದನ್ನು ಗುಟ್ಟಾಗಿಟ್ಟುಕೊಂಡು, ಸದನದಲ್ಲಿ ಮಾತ್ರ ಸಲಿಂಗಿಗಳ ವಿರುದ್ಧವೇ ಓಟು ಹಾಕುತ್ತಾ ಬಂದ ರಾಜಕಾರಣಿಗಳು. ನಮ್ಮ ಕಡೆ ‘ಮಾಡೋದೆಲ್ಲಾ ಅನಾಚಾರ, ಮನೆ ಮುಂದೆ ಬೃಂದಾವನ’ ಅಂತಾರಲ್ಲ, ಅದು ನೆನಪಾಗುತ್ತೆ. ಆದರೆ ಗಾದೆ ಇಲ್ಲಿ ಪೂರ್ತಿ ಹೊಂದುವುದಿಲ್ಲ ನೋಡಿ. ಮನೆಯೊಳಗೆ ನಡೆಯುತ್ತಿರುವುದು ಅನಾಚಾರವೇ ಅಲ್ಲ ಅನ್ನುವುದು ಚಿತ್ರದ ವಾದ. ತಪ್ಪೇನಿದ್ದರೂ ಅದು ಬೃಂದಾವನ ತೋರಿಸಿಕೊಂಡು ಪಕ್ಕದ ಮನೆಯವನ ಮೇಲೆ ಕಲ್ಲು ಹೊಡೆಯುವುದರಲ್ಲಿ.

ನಾನು ಬಿಕಾಂ ಓದಿ, ಮೂವತ್ತು ವರ್ಷದಿಂದ ಮುಂಬೈಯಲ್ಲಿ ಬ್ಯಾಂಕಿನ ಕೆಲಸ ಮಾಡುತ್ತಿರುವವನು. ಸಿನಿಮಾ ವಿಮರ್ಶೆ ನನ್ನ ಕಸುಬಲ್ಲ. ಈ ಚಿತ್ರ ನೋಡಿದಾಗ ನನಗೆ ಅದು ಒಂದು ಆಡಿಟ್ ರಿಪೋರ್ಟಿನ ಹಾಗೆ ಕಂಡಿತು. ಒಂದು ಕಡೆ ಮನುಷ್ಯ, ಇನ್ನೊಂದು ಕಡೆ ಆತ ಯಾವ ಮಸೂದೆಗೆ ಯಾವ ಓಟು ಹಾಕಿದ ಅನ್ನುವ ದಾಖಲೆ. ಎರಡೂ ತಾಳೆಯಾಗದ ಕಡೆ ಕೆಂಪು ಶಾಯಿಯ ಗುರುತು. ಅಲ್ಲಿಂದ ಹಿಂದಕ್ಕೆ ಹೋಗಿ ಈ ಇತಿಹಾಸವನ್ನು ಓದುತ್ತಾ ಹೋದೆ. ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆ ಚಿತ್ರ ಹೆಸರಿಸಿದವರಲ್ಲಿ ಕೆಲವರು ‘ಅದು ಸುಳ್ಳು’ ಅಂದಿದ್ದಾರೆ. ಬರೀ ಗುಸುಗುಸು ನಂಬಿ ಯಾರ ಹೆಸರನ್ನೂ ಇಲ್ಲಿ ಹಾಕುವುದಿಲ್ಲ. ತಾವಾಗಿ ಹೇಳಿಕೊಂಡದ್ದು, ಕೋರ್ಟಿನ ಕಡತದಲ್ಲಿರುವುದು, ಸತ್ತ ಮೇಲೆ ದಾಖಲಾದದ್ದು, ಇಷ್ಟನ್ನೇ ಇಟ್ಟುಕೊಂಡಿದ್ದೇನೆ.

ಈ ಗುಟ್ಟಿನ ಪೆಟ್ಟಿಗೆಯನ್ನು ಮಾಡಿಸಿದ್ದು ಯಾರು ಅನ್ನುವುದರಿಂದ ಶುರು ಮಾಡೋಣ. ಮಾಡಿಸಿದ್ದು ಸರ್ಕಾರವೇ.

1950ರ ಫೆಬ್ರವರಿಯಲ್ಲಿ ಸೆನೆಟರ್ ಜೋಸೆಫ್ ಮೆಕಾರ್ಥಿ, ಅಮೆರಿಕದ ವಿದೇಶಾಂಗ ಇಲಾಖೆಯಲ್ಲಿ ಕಮ್ಯುನಿಸ್ಟರು ತುಂಬಿದ್ದಾರೆ ಅಂತ ಬೊಬ್ಬೆ ಹಾಕಿದ್ದು ಎಲ್ಲರಿಗೂ ಗೊತ್ತು. ಅದೇ ತಿಂಗಳ ಕೊನೆಗೆ ಇಲಾಖೆಯ ಒಬ್ಬ ಹಿರಿಯ ಅಧಿಕಾರಿ ಸೆನೆಟ್ ಸಮಿತಿಯ ಮುಂದೆ ಇನ್ನೊಂದು ಮಾತು ಹೇಳಿದರು. ಕೆಲಸ ಬಿಟ್ಟುಹೋದವರಲ್ಲಿ 91 ಜನ ಸಲಿಂಗಿಗಳು ಅಂತ. ಸಮಾಧಾನ ಮಾಡಲಿಕ್ಕೆ ಹೇಳಿದ ಮಾತು ಬೆಂಕಿಗೆ ತುಪ್ಪ ಸುರಿದ ಹಾಗಾಯಿತು. ಉತ್ತರ ಕ್ಯಾರೊಲಿನಾದ ಸೆನೆಟರ್ ಕ್ಲೈಡ್ ಹೋಯಿ ಅಧ್ಯಕ್ಷತೆಯಲ್ಲಿ ತನಿಖೆಗೆ ಸಮಿತಿ ಕೂತಿತು. ಡಿಸೆಂಬರಿನಲ್ಲಿ ವರದಿ ಬಂತು: ಸಲಿಂಗಿಗಳು ಸರ್ಕಾರಿ ನೌಕರಿಗೆ ಅಯೋಗ್ಯರು. ಯಾಕೆಂದರೆ ಅವರಿಗೊಂದು ಗುಟ್ಟಿದೆ, ಆ ಗುಟ್ಟು ಹಿಡಿದು ಶತ್ರುಗಳು ಬ್ಲ್ಯಾಕ್‌ಮೇಲ್ ಮಾಡಬಹುದು.

ಸರಿ, ಹಾಗೆ ಬ್ಲ್ಯಾಕ್‌ಮೇಲಿಗೆ ಸಿಕ್ಕಿ ದೇಶದ್ರೋಹ ಮಾಡಿದ ಅಮೆರಿಕನ್ ನೌಕರ ಎಷ್ಟು ಜನ ಸಿಕ್ಕರು? ಒಬ್ಬರೂ ಇಲ್ಲ. ಸಮಿತಿ ಕೊಟ್ಟ ಉದಾಹರಣೆ ಆಸ್ಟ್ರಿಯಾದ ಸೇನೆಯ ಕರ್ನಲ್ ಆಲ್ಫ್ರೆಡ್ ರೆಡ್ಲ್ ಎಂಬವನದು. ಆತ ಸತ್ತದ್ದು 1913ರಲ್ಲಿ! ಮೊದಲ ಮಹಾಯುದ್ಧಕ್ಕೂ ಮುಂಚೆ, ಬೇರೆ ಖಂಡದಲ್ಲಿ. ನಾನೇನಾದರೂ ಒಂದು ಲೋನ್ ಪ್ರಪೋಸಲ್ಲಿನ ರಿಸ್ಕ್ ಕಾಲಮ್ಮಿನಲ್ಲಿ ಮೂವತ್ತೇಳು ವರ್ಷ ಹಳೆಯ ಪರದೇಶದ ಒಂದೇ ಒಂದು ಕೇಸು ಬರೆದು ಕಳಿಸಿದ್ದರೆ ರೀಜನಲ್ ಆಫೀಸಿನವರು ಫೈಲನ್ನು ಮುಖಕ್ಕೆ ಎಸೆಯುತ್ತಿದ್ದರು. ಅಲ್ಲಿ ಮಾತ್ರ ಅದು ನೀತಿಯಾಯಿತು. 1953ರ ಏಪ್ರಿಲ್ 27ರಂದು ಅಧ್ಯಕ್ಷ ಐಸನ್‌ಹೋವರ್ 10450ನೇ ಕಾರ್ಯಾದೇಶಕ್ಕೆ ಸಹಿ ಹಾಕಿದರು. ‘ಲೈಂಗಿಕ ವಿಕೃತಿ’ ಅನ್ನುವುದು ಕೇಂದ್ರ ಸರ್ಕಾರದ ನೌಕರಿಯಿಂದ ತೆಗೆಯುವುದಕ್ಕೆ ಅಧಿಕೃತ ಕಾರಣವಾಯಿತು. ಸಾವಿರಾರು ಜನ ಕೆಲಸ ಕಳೆದುಕೊಂಡರು. ಇತಿಹಾಸಕಾರರು ಇದನ್ನು ‘ಲ್ಯಾವೆಂಡರ್ ಸ್ಕೇರ್’ ಅನ್ನುತ್ತಾರೆ. ಡೇವಿಡ್ ಜಾನ್ಸನ್ ಇದೇ ಹೆಸರಿನಲ್ಲಿ 2004ರಲ್ಲಿ ಪುಸ್ತಕ ಬರೆದರು. ಜಾಶ್ ಹೋವರ್ಡ್ ಅದನ್ನು ಆಧರಿಸಿ 2017ರಲ್ಲಿ ಡಾಕ್ಯುಮೆಂಟರಿ ಮಾಡಿದರು.

ಬ್ಲ್ಯಾಕ್‌ಮೇಲ್ ನಿಜವಾಗಿಯೂ ನಡೆಯಿತು, ಆದರೆ ಮಾಡಿದವರು ರಷ್ಯಾದವರಲ್ಲ.

ಲೆಸ್ಟರ್ ಹಂಟ್ ಅಂತ ವಯೋಮಿಂಗ್ ರಾಜ್ಯದ ಒಬ್ಬ ಸೆನೆಟರ್. ಡೆಮಾಕ್ರಟಿಕ್ ಪಕ್ಷದವರು. ಮೂಲತಃ ಹಲ್ಲಿನ ಡಾಕ್ಟರು, ಆಮೇಲೆ ರಾಜ್ಯಪಾಲರಾಗಿ ಸೆನೆಟಿಗೆ ಬಂದವರು. (ಅಲ್ಲಿಯ ರಾಜ್ಯಪಾಲ ಅಂದರೆ ಜನ ಆರಿಸಿದವರು, ನಮ್ಮ ಮುಖ್ಯಮಂತ್ರಿಯ ಹಾಗೆ.) ಮೆಕಾರ್ಥಿಯನ್ನು ಬಹಿರಂಗವಾಗಿ ಎದುರಿಸಿದ ಕೆಲವೇ ಜನರಲ್ಲಿ ಅವರೂ ಒಬ್ಬರು. 1953ರ ಜೂನಿನಲ್ಲಿ ಅವರ ಮಗನನ್ನು ಶ್ವೇತಭವನದ ಎದುರಿನ ಲಫಾಯೆಟ್ ಪಾರ್ಕಿನಲ್ಲಿ ಮಫ್ತಿ ಪೊಲೀಸರು ಹಿಡಿದರು. ಗಂಡಸೊಬ್ಬನನ್ನು ಕರೆದ ಅನ್ನುವ ಆರೋಪ. ಕರೆಸಿಕೊಂಡ ‘ಗಂಡಸು’ ಆ ಮಫ್ತಿ ಪೊಲೀಸನೇ. ಹುಡುಗ ಪಾದ್ರಿಯಾಗಲು ಓದುತ್ತಿದ್ದ. ಮೊದಲ ಸಲ ಸಿಕ್ಕಿಬಿದ್ದವನು ಅಂತ ಕೇಸು ಮೊದಲು ಬಿಟ್ಟುಹೋಗಿತ್ತು. ಆಗ ಮಧ್ಯೆ ಬಂದವರು ಇಬ್ಬರು ರಿಪಬ್ಲಿಕನ್ ಸೆನೆಟರುಗಳು, ಸ್ಟೈಲ್ಸ್ ಬ್ರಿಡ್ಜಸ್ ಮತ್ತು ಹರ್ಮನ್ ವೆಲ್ಕರ್. ನೀವು ರಾಜೀನಾಮೆ ಕೊಟ್ಟರೆ ಸರಿ, ಇಲ್ಲವಾದರೆ ಮಗನ ಮೇಲೆ ಕೇಸು ನಡೆಯುತ್ತೆ ಅಂತ ಹಂಟರಿಗೆ ಸುದ್ದಿ ಹೋಯಿತು. ಅವರು ಒಪ್ಪಲಿಲ್ಲ. ಕೇಸು ನಡೆಯಿತು, ಅಕ್ಟೋಬರಿನಲ್ಲಿ ಮಗನಿಗೆ ನೂರು ಡಾಲರ್ ದಂಡ ಬಿತ್ತು.

ಇಷ್ಟಕ್ಕೇ ಬಿಡಲಿಲ್ಲ. ಆಗ ಸೆನೆಟಿನಲ್ಲಿ ಎರಡೂ ಪಕ್ಷಗಳ ಬಲ ಹೆಚ್ಚುಕಮ್ಮಿ ಸಮ. ಒಂದು ಸೀಟು ಆಚೀಚೆಯಾದರೆ ಯಜಮಾನಿಕೆ ಬದಲಾಗುತ್ತಿತ್ತು. ಹಂಟ್ ಮತ್ತೆ ಚುನಾವಣೆಗೆ ನಿಲ್ಲುತ್ತೇನೆ ಅಂದ ಮೇಲೆ, ಮಗನ ಕಥೆಯನ್ನು ವಯೋಮಿಂಗಿನ ಮನೆಮನೆಗೆ ಹಂಚುತ್ತೇವೆ ಅನ್ನುವ ಬೆದರಿಕೆ ಬಂತು. 1954ರ ಜೂನ್ ಮೊದಲ ವಾರದ ಹೊತ್ತಿಗೆ ಅವರು ಕಣದಿಂದ ಹಿಂದೆ ಸರಿದರು. ಜೂನ್ 19, ಶನಿವಾರ. ಮನೆಯಿಂದ ರೈಫಲ್ ತಂದು ಸೆನೆಟಿನ ತಮ್ಮ ಆಫೀಸಿನಲ್ಲೇ ಗುಂಡು ಹಾರಿಸಿಕೊಂಡರು. 61 ವರ್ಷ. ಅವರ ಜಾಗಕ್ಕೆ ತಾತ್ಕಾಲಿಕವಾಗಿ ರಿಪಬ್ಲಿಕನ್ ಒಬ್ಬರ ನೇಮಕವಾಯಿತು. ನವೆಂಬರಿನ ಚುನಾವಣೆಯಲ್ಲಿ ಸೀಟು ಮತ್ತೆ ಡೆಮಾಕ್ರಟರ ಪಾಲಾಯಿತು ಅನ್ನಿ.

ಗುಟ್ಟಿರುವ ನೌಕರರು ಅಪಾಯಕಾರಿ ಅಂತ ಕಾನೂನು ಮಾಡಿದವರ ಸದನದಲ್ಲೇ, ಸೆನೆಟರುಗಳೇ ಇನ್ನೊಬ್ಬ ಸೆನೆಟರನ್ನು ಹೀಗೆ ಹಿಂಡಿದರು. 2015ರಲ್ಲಿ ಯಾಹೂ ನ್ಯೂಸಿನವರು ತೆಗೆದ ‘ಯುನೀಕ್‌ಲಿ ನಾಸ್ಟಿ’ ಎಂಬ ಡಾಕ್ಯುಮೆಂಟರಿಯಲ್ಲಿ ಈ ಪ್ರಕರಣ ಬರುತ್ತದೆ.

ಬ್ಲ್ಯಾಕ್‌ಮೇಲ್ ಹೇಗಿರುತ್ತದೆ ಅನ್ನುವುದನ್ನು ಬ್ಯಾಂಕಿನ ಕೌಂಟರಿನಿಂದ ನಾನೂ ಒಮ್ಮೆ ನೋಡಿದ್ದೇನೆ. ತೊಂಬತ್ತರ ದಶಕದ ಕೊನೆ, ಮುಂಬೈಯ ಒಂದು ಉಪನಗರದ ಶಾಖೆ. ಐವತ್ತರ ಆಸುಪಾಸಿನ ಒಬ್ಬ ಗ್ರಾಹಕರು ಅವಧಿಗೆ ಮುಂಚೆ ಎಫ್‌ಡಿ ಮುರಿಸಲು ಬರುತ್ತಿದ್ದರು. ಒಂದಾದ ಮೇಲೊಂದು, ಒಟ್ಟು ನಾಲ್ಕು. ‘ಬಡ್ಡಿ ಹೋಗುತ್ತೆ ಸಾಹೇಬ್, ಬೇಕಾದರೆ ಇದರ ಮೇಲೆ ಲೋನ್ ತಗೊಳ್ಳಿ’ ಅಂದರೆ ಸುಮ್ಮನೆ ತಲೆ ಅಲ್ಲಾಡಿಸುತ್ತಿದ್ದರು. ಗಾಜಿನ ಬಾಗಿಲಿನಾಚೆ ಒಬ್ಬ ಹುಡುಗ ಸಿಗರೇಟು ಸೇದುತ್ತಾ ಕಾಯುತ್ತಿರುತ್ತಿದ್ದ. ನಾಲ್ಕನೆಯದಾದ ಮೇಲೆ ಅವರು ಬರಲಿಲ್ಲ, ಮುರಿಸಲು ಐದನೆಯದಿರಲಿಲ್ಲ. ಕಾರಣವನ್ನು ವರ್ಷಗಳ ಮೇಲೆ ಅದೇ ಶಾಖೆಯಲ್ಲಿದ್ದ ಹಳೆಯ ಹೆಡ್ ಕ್ಯಾಷಿಯರ್ ಹೇಳಿದರು. ರೈಲ್ವೆ ಸ್ಟೇಷನ್ನಿನಲ್ಲಿ ಆದ ಪರಿಚಯವಂತೆ. ಆಮೇಲೆ ಪೊಲೀಸರಿಗೆ ಹೇಳುತ್ತೇನೆ, ಹೆಂಡತಿಗೆ ಹೇಳುತ್ತೇನೆ ಅನ್ನುವ ಮಾತು. 377ನೇ ಸೆಕ್ಷನ್ ಆಗ ಜಾರಿಯಲ್ಲಿತ್ತಲ್ಲ, ಹುಡುಗನ ಕೈಯಲ್ಲಿದ್ದ ಆಯುಧ ಅದೇ. ಆ ಮನುಷ್ಯ ಯಾರಿಗೂ ಯಾವ ಕೆಡುಕೂ ಮಾಡಿರಲಿಲ್ಲ.

ಮತ್ತೆ ವಾಷಿಂಗ್ಟನ್ನಿಗೆ. ಹಂಟ್ ಸತ್ತದ್ದಕ್ಕೆ ಎರಡು ದಿನ ಮುಂಚೆ, ಜೂನ್ 17ಕ್ಕೆ, ಮೆಕಾರ್ಥಿಯ ಪತನಕ್ಕೆ ಕಾರಣವಾದ ಸೇನಾ ವಿಚಾರಣೆ ಮುಗಿದಿತ್ತು. ಅದರಲ್ಲಿ ಮೆಕಾರ್ಥಿಯ ಕಿವಿಯಲ್ಲಿ ಪಿಸುಗುಟ್ಟುತ್ತಾ ಕೂತಿರುತ್ತಿದ್ದ ಯುವ ವಕೀಲನ ಹೆಸರು ರಾಯ್ ಕೋನ್. ಈ ಇತಿಹಾಸದ ಅತಿ ದೊಡ್ಡ ಸೋಗಲಾಡಿ ಯಾರು ಅಂದರೆ ನಾನು ಇವನನ್ನೇ ಹೇಳುತ್ತೇನೆ. ಓಟಿಗೆ ನಿಂತ ರಾಜಕಾರಣಿಯಲ್ಲ ನಿಜ, ಆದರೆ ರಾಜಕಾರಣಿಗಳನ್ನು ಆಡಿಸಿದವನು. ಯಾವ ಸಮಿತಿಯ ಹೆಸರಿನಲ್ಲಿ ಕಮ್ಯುನಿಸ್ಟರ ಜೊತೆ ಸಲಿಂಗಿಗಳ ಬೇಟೆಯೂ ನಡೆಯಿತೋ ಅದರ ಮುಖ್ಯ ವಕೀಲ. ಆತ ಸ್ವತಃ ಸಲಿಂಗಿ. ಸಾಯುವವರೆಗೂ ಒಪ್ಪಲಿಲ್ಲ. 1986ರ ಆಗಸ್ಟ್ 2ರಂದು ಏಡ್ಸಿನಿಂದ ಸತ್ತ, ಕೊನೆಯವರೆಗೂ ಲಿವರ್ ಕ್ಯಾನ್ಸರ್ ಅಂತಲೇ ಹೇಳಿದ. ಅವನ ಮೇಲೆ 2019ರಲ್ಲಿ ಎರಡು ಡಾಕ್ಯುಮೆಂಟರಿಗಳು ಬಂದವು. ಮ್ಯಾಟ್ ಟಿರ್ನಾವರ್ ಮಾಡಿದ್ದು ಒಂದು. ಇನ್ನೊಂದನ್ನು ಮಾಡಿದವರು ಐವಿ ಮೀರೊಪೋಲ್. ಈಕೆ ಜೂಲಿಯಸ್ ಮತ್ತು ಈಥೆಲ್ ರೋಸನ್‌ಬರ್ಗ್ ದಂಪತಿಯ ಮೊಮ್ಮಗಳು. 1953ರಲ್ಲಿ ಮರಣದಂಡನೆಗೆ ಗುರಿಯಾದ ಆ ದಂಪತಿಯ ಗೂಢಚರ್ಯೆಯ ಪ್ರಕರಣದಲ್ಲಿ ಸರ್ಕಾರದ ಪರ ವಕೀಲರ ತಂಡದಲ್ಲಿ ಇದೇ ಕೋನ್ ಇದ್ದ. ಅಜ್ಜ ಅಜ್ಜಿಯನ್ನು ಕುರ್ಚಿಗೇರಿಸಿದವನ ಬಗ್ಗೆ ಮೊಮ್ಮಗಳು ಕ್ಯಾಮೆರಾ ಹಿಡಿದು ಹೊರಟದ್ದು. ಚಿತ್ರಕ್ಕೆ ಇಟ್ಟ ಹೆಸರು ‘ಬುಲ್ಲಿ, ಕವರ್ಡ್, ವಿಕ್ಟಿಮ್’. ದಬ್ಬಾಳಿಕೆಯವನು, ಹೇಡಿ, ಬಲಿಪಶು. ಆಕೆ ಕಟ್ಟಿದ ಮಾತುಗಳಲ್ಲ ಇವು, ಏಡ್ಸಿನಿಂದ ಸತ್ತವರ ನೆನಪಿಗೆ ಹೊಲಿದ ದೊಡ್ಡ ಕೌದಿಯಲ್ಲಿ ಕೋನನ ಹೆಸರಿನ ತುಂಡಿನ ಮೇಲೆ ಯಾರೋ ಬರೆದದ್ದು. ಮೂರನೆಯ ಪದವನ್ನೂ ಸೇರಿಸಿದ್ದಾರಲ್ಲ, ಆ ಕೈಗೆ ನಮಸ್ಕಾರ ಅನ್ನಿಸಿತು ನನಗೆ.

ಇದಕ್ಕೆ ವಿರುದ್ಧ ದಾರಿ ಹಿಡಿದವರೂ ಇದ್ದರು. ಫ್ರಾಂಕ್ ಕ್ಯಾಮೆನಿ, ಖಗೋಳ ವಿಜ್ಞಾನಿ, ಹಾರ್ವರ್ಡಿನ ಪಿಎಚ್‌ಡಿ. 1957ರಲ್ಲಿ ಸೇನೆಯ ನಕ್ಷೆ ಇಲಾಖೆ ಕೆಲಸದಿಂದ ತೆಗೆಯಿತು. ತಲೆ ತಗ್ಗಿಸಿ ಹೋಗುವ ಬದಲು ಸುಪ್ರೀಂ ಕೋರ್ಟಿನವರೆಗೆ ಹೋದರು, 1961ರಲ್ಲಿ ಕೋರ್ಟು ಅರ್ಜಿಯನ್ನು ಕೈಗೆತ್ತಿಕೊಳ್ಳಲೂ ಒಪ್ಪಲಿಲ್ಲ. 1965ರಲ್ಲಿ ಶ್ವೇತಭವನದ ಎದುರು ಫಲಕ ಹಿಡಿದು ನಿಂತರು. ಸರ್ಕಾರ ಅವರಿಗೆ ಅಧಿಕೃತವಾಗಿ ಕ್ಷಮೆ ಕೇಳಿದ್ದು 2009ರ ಜೂನಿನಲ್ಲಿ, 52 ವರ್ಷದ ಮೇಲೆ. ಸ್ಯಾನ್ ಫ್ರಾನ್ಸಿಸ್ಕೋದ ಹಾರ್ವಿ ಮಿಲ್ಕ್ ಬಗ್ಗೆ ನೀವು ಕೇಳಿರಬಹುದು. ಮುಚ್ಚಿಡದೆ ಚುನಾವಣೆ ಗೆದ್ದವರು. ಸಲಿಂಗಿ ಶಿಕ್ಷಕರನ್ನು ಕೆಲಸದಿಂದ ತೆಗೆಯುವ ಪ್ರಸ್ತಾಪ 1978ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಜನರ ಮುಂದೆ ಬಂದಾಗ, ಮನೆಯಲ್ಲಿ ಹೇಳಿ, ಆಫೀಸಿನಲ್ಲಿ ಹೇಳಿ ಅಂತ ಊರೂರು ತಿರುಗಿದರು. ಪ್ರಸ್ತಾಪ ಸೋತಿತು. ಮೂರು ವಾರದೊಳಗೆ ಅವರ ಕೊಲೆಯಾಯಿತು. ರಾಬ್ ಎಪ್‌ಸ್ಟೈನ್ ಅವರ ಮೇಲೆ ಮಾಡಿದ 1984ರ ಡಾಕ್ಯುಮೆಂಟರಿಗೆ ಆಸ್ಕರ್ ಬಂತು. ಆ ಚಿತ್ರ ಬೇರೆಯೇ ಜಾತಿಯದು, ಧೈರ್ಯವಂತನ ಮೇಲಿನ ಚಿತ್ರ. ಹೇಡಿಗಳ ಮೇಲೆ ಚಿತ್ರ ಮಾಡುವುದು ಇನ್ನೂ ಕಷ್ಟ, ಅವರು ಕ್ಯಾಮೆರಾ ಮುಂದೆ ಬರುವುದೇ ಇಲ್ಲವಲ್ಲ.

ಏಡ್ಸ್ ಬಂದ ಮೇಲೆ ಸಹನೆ ತೀರಿತು. ಜನ ಸಾಯುತ್ತಿದ್ದಾರೆ, ದುಡ್ಡು ಮಂಜೂರು ಮಾಡಬೇಕಾದವರಲ್ಲಿ ನಮ್ಮವರೇ ಇದ್ದು ಬಾಯಿ ಮುಚ್ಚಿಕೊಂಡಿದ್ದಾರೆ ಅನ್ನುವ ಸಿಟ್ಟು. 1990ರ ಹೊತ್ತಿಗೆ ನ್ಯೂಯಾರ್ಕಿನ ‘ಔಟ್‌ವೀಕ್’ ಪತ್ರಿಕೆಯಲ್ಲಿ ಮೈಕೆಲ್ಯಾಂಜೆಲೊ ಸಿನ್ಯೊರೀಲೆ ಎಂಬ ಪತ್ರಕರ್ತ ದೊಡ್ಡವರ ಗುಟ್ಟುಗಳನ್ನು ಹೆಸರು ಹಿಡಿದು ಬರೆಯತೊಡಗಿದರು. ಇದಕ್ಕೆ ‘ಔಟಿಂಗ್’ ಅನ್ನುವ ಹೆಸರು ಬಂತು. ಒಪ್ಪಿಗೆ ಇಲ್ಲದೆ ಹೊರಗೆಳೆಯುವುದು. ಗಮನಿಸಿ, ಇದು ಹಂಟರ ಮೇಲೆ ಎತ್ತಿದ ಕತ್ತಿಯೇ. ಆ ಗ್ರಾಹಕರ ಎಫ್‌ಡಿ ಮುರಿಸಿದ ಕತ್ತಿಯೇ. ಈಗ ಹಿಡಿದವರ ಕೈ ಮಾತ್ರ ಬೇರೆ. ಹಾಗಾದರೆ ಇದು ಸರಿಯೇ?

ಇದಕ್ಕೊಂದು ಗೆರೆ ಎಳೆದವರು ಮ್ಯಾಸಚೂಸೆಟ್ಸಿನ ಸಂಸದ ಬಾರ್ನಿ ಫ್ರಾಂಕ್. 1987ರಲ್ಲಿ ತಾವಾಗಿ ಹೇಳಿಕೊಂಡವರು. ಯಾರಿಗೇ ಆದರೂ ಖಾಸಗಿತನದ ಹಕ್ಕಿದೆ, ಆದರೆ ಬೂಟಾಟಿಕೆಯ ಹಕ್ಕಿಲ್ಲ ಅನ್ನುವುದು ಅವರ ವಾದ. ಅಧಿಕಾರ ಬಳಸಿ ಬೇರೆ ಸಲಿಂಗಿಗಳಿಗೆ ಕೆಡುಕು ಮಾಡುವವನ ಗುಟ್ಟನ್ನು ಹೇಳಬಹುದು, ಉಳಿದವರದು ಮುಟ್ಟಬಾರದು. ಅಮೆರಿಕದಲ್ಲಿ ಇದನ್ನು ‘ಫ್ರಾಂಕ್ ರೂಲ್’ ಅಂತಲೇ ಕರೆಯುತ್ತಾರೆ. ಔಟ್‌ರೇಜ್ ಚಿತ್ರದಲ್ಲಿ ಫ್ರಾಂಕ್ ಕಾಣಿಸಿಕೊಳ್ಳುತ್ತಾರೆ, ಇಡೀ ಚಿತ್ರ ನಿಂತಿರುವುದು ಈ ನಿಯಮದ ಮೇಲೆ.

ಇಲ್ಲಿ ಒಂದು ತಕರಾರು ಬರುತ್ತದೆ. ಕಂಪನಿ ಬೋರ್ಡಿನಲ್ಲಿ ಡೈರೆಕ್ಟರಿಗೆ ಸ್ವಂತ ಹಿತಾಸಕ್ತಿ ಇರುವ ವಿಷಯ ಬಂದರೆ ಮೊದಲೇ ಹೇಳಬೇಕು, ನಮ್ಮ ಬ್ಯಾಂಕಿಂಗ್ ಕಾನೂನಿನಲ್ಲೂ ಡೈರೆಕ್ಟರುಗಳಿಗೆ ಸಾಲ ಕೊಡುವುದಕ್ಕೆ ಕಟ್ಟುಪಾಡಿದೆ. ಹಾಗೇ ಸಂಸದನೂ ಹೇಳಲಿ ಅನ್ನಬಹುದು. ನನಗೆ ಅದು ಒಪ್ಪಿಗೆಯಾಗಲಿಲ್ಲ. ಮದುವೆ ಕಾನೂನಿಗೆ ಓಟು ಹಾಕುವ ಮುಂಚೆ ಹೆಂಡತಿ ಇರುವ ಸಂಸದ ಏನನ್ನೂ ಘೋಷಿಸುವುದಿಲ್ಲವಲ್ಲ. ಸಲಿಂಗಿ ಸಂಸದ ಹೇಳದೇ ಇರುವುದು ಅಪರಾಧವಲ್ಲ. ಆದರೆ ಹೇಳದೆ ಇರುವುದು ಅವನ ಓಟನ್ನು ಬಗ್ಗಿಸುತ್ತದೆಯೇ? ಪ್ರಶ್ನೆ ಇದು. ಬಗ್ಗಿಸುತ್ತದೆ ಅನ್ನಲಿಕ್ಕೆ ಒಂದು ಒಳ್ಳೆಯ ಪುರಾವೆ ಇದೆ.

1996ರ ಜುಲೈ 12. ಮದುವೆ ಅಂದರೆ ಒಂದು ಗಂಡು ಒಂದು ಹೆಣ್ಣು ಮಾತ್ರ, ಕೇಂದ್ರ ಸರ್ಕಾರ ಬೇರೆ ಯಾವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಅನ್ನುವ ಮಸೂದೆ (ಡಿಫೆನ್ಸ್ ಆಫ್ ಮ್ಯಾರೇಜ್ ಆಕ್ಟ್, ಚಿಕ್ಕದಾಗಿ ಡೋಮಾ) ಕೆಳಮನೆಯಲ್ಲಿ ಓಟಿಗೆ ಬಂತು. ಪರವಾಗಿ 342, ವಿರುದ್ಧ 67. ರಿಪಬ್ಲಿಕನ್ ಪಕ್ಷದಿಂದ ವಿರುದ್ಧ ಓಟು ಹಾಕಿದವರು ಒಬ್ಬರೇ ಒಬ್ಬರು, ವಿಸ್ಕಾನ್ಸಿನ್ನಿನ ಸ್ಟೀವ್ ಗಂಡರ್ಸನ್. ಅವರು ಸಲಿಂಗಿ. ಎರಡು ವರ್ಷ ಮುಂಚೆ, 1994ರಲ್ಲಿ, ಅವರದೇ ಪಕ್ಷದ ಇನ್ನೊಬ್ಬ ಸಂಸದ ಸದನದಲ್ಲೇ ಎದ್ದು ನಿಂತು ಅವರ ಗುಟ್ಟನ್ನು ಬಯಲು ಮಾಡಿದ್ದ. ಅದೇ ದಿನ, ಅದೇ ಪಕ್ಷದ ಇನ್ನೊಬ್ಬ ಸಲಿಂಗಿ ಸಂಸದ, ಅರಿಜೋನಾದ ಜಿಮ್ ಕೋಲ್ಬಿ, ಮಸೂದೆಯ ಪರವಾಗಿ ಓಟು ಹಾಕಿದರು. ಅವರ ಗುಟ್ಟು ಇನ್ನೂ ಗುಟ್ಟಾಗಿತ್ತು.

ಒಂದೇ ಪಕ್ಷ, ಒಂದೇ ಮಸೂದೆ. ಗುಟ್ಟು ಹೋದವನ ಓಟು ಒಂದು ಕಡೆ, ಗುಟ್ಟಿದ್ದವನದು ಇನ್ನೊಂದು ಕಡೆ. ಕೋಲ್ಬಿ ತಮ್ಮ ಓಟಿಗೆ ರಾಜ್ಯಗಳ ಹಕ್ಕಿನ ಕಾರಣ ಕೊಟ್ಟರು, ಅದನ್ನು ಪೂರ್ತಿ ತಳ್ಳಿಹಾಕಲಾರೆ. ಆದರೆ ಆ ಓಟಿನಿಂದ ಸಿಟ್ಟಾದವರು ಅವರ ಬೆನ್ನು ಹತ್ತಿದರು. ‘ಅಡ್ವೊಕೇಟ್’ ಪತ್ರಿಕೆ ಬರೆಯಲು ಹೊರಟಿದೆ ಅಂತ ಗೊತ್ತಾಗಿ ಆಗಸ್ಟಿನಲ್ಲಿ ತಾವಾಗಿ ಹೇಳಿಕೊಂಡರು. ಆಕಾಶ ಕಳಚಿ ಬೀಳಲಿಲ್ಲ. ನವೆಂಬರಿನಲ್ಲಿ ಮತ್ತೆ ಗೆದ್ದರು, 2007ರ ಜನವರಿಯವರೆಗೆ ಸಂಸದರಾಗಿದ್ದರು. 2000ದಲ್ಲಿ ಪಕ್ಷದ ಮಹಾಧಿವೇಶನದಲ್ಲಿ ಭಾಷಣ ಮಾಡಿದಾಗ ಟೆಕ್ಸಾಸಿನ ಕೆಲವು ಪ್ರತಿನಿಧಿಗಳು ಟೋಪಿ ತೆಗೆದು, ತಲೆ ಬಾಗಿಸಿ ಪ್ರಾರ್ಥನೆ ಮಾಡಿದರಂತೆ. ಪಾಪ, ಅವರು ಮಾತಾಡಿದ್ದು ಅಂತಾರಾಷ್ಟ್ರೀಯ ವ್ಯಾಪಾರದ ಬಗ್ಗೆ! ಔಟ್‌ರೇಜಿನಲ್ಲಿ ಕೋಲ್ಬಿ ಮುಖ ತೋರಿಸಿ ಮಾತಾಡುತ್ತಾರೆ. 2013ರಲ್ಲಿ ತಮ್ಮ ಸಂಗಾತಿಯನ್ನು ಮದುವೆಯಾದರು, 2022ರಲ್ಲಿ ತೀರಿಕೊಂಡರು.

ಆ ಓಟಿನ ಬಿಲ್ಲು ಯಾರು ಕಟ್ಟಿದರು? ಒಂದು ಬಿಲ್ಲಿನ ಮೊತ್ತ ಡಾಲರ್ ಬಿಡದೆ ಗೊತ್ತಿದೆ. ನ್ಯೂಯಾರ್ಕಿನ ಈಡಿ ವಿಂಡ್ಸರ್ ಮತ್ತು ಥಿಯಾ ಸ್ಪಾಯರ್ ನಲವತ್ತಕ್ಕೂ ಹೆಚ್ಚು ವರ್ಷ ಒಟ್ಟಿಗಿದ್ದವರು. 2007ರಲ್ಲಿ ಕೆನಡಾಕ್ಕೆ ಹೋಗಿ ಮದುವೆಯಾದರು. 2009ರ ಫೆಬ್ರವರಿಯಲ್ಲಿ ಥಿಯಾ ಸತ್ತರು. ಗಂಡ ಹೆಂಡತಿಯಾಗಿದ್ದರೆ ಆಸ್ತಿ ತೆರಿಗೆಯಿಲ್ಲದೆ ಬದುಕಿರುವವರಿಗೆ ಬರುತ್ತಿತ್ತು. ಡೋಮಾ ಪ್ರಕಾರ ಇವರಿಬ್ಬರು ಪರಕೀಯರು. ಈಡಿಗೆ ಬಂದ ಕೇಂದ್ರ ತೆರಿಗೆ 3,63,053 ಡಾಲರ್. ಅವರು ಕಟ್ಟಿದರು, ಕಟ್ಟಿ ಕೋರ್ಟಿಗೆ ಹೋದರು. 2013ರ ಜೂನ್ 26ರಂದು ಸುಪ್ರೀಂ ಕೋರ್ಟು ಡೋಮಾದ ಆ ಭಾಗವನ್ನು ಹೊಡೆದುಹಾಕಿತು. ಪೂರ್ತಿ ಕಾನೂನು ರದ್ದಾದದ್ದು 2022ರ ಡಿಸೆಂಬರಿನಲ್ಲಿ.

ಇನ್ನೊಂದು ಹೆಸರು ಕೆನ್ ಮೆಲ್ಮನ್. 2004ರಲ್ಲಿ ಅಧ್ಯಕ್ಷ ಬುಷ್ ಮರುಚುನಾವಣೆಯ ಪ್ರಚಾರದ ಮ್ಯಾನೇಜರ್. ಆ ನವೆಂಬರಿನಲ್ಲಿ 11 ರಾಜ್ಯಗಳಲ್ಲಿ ಸಲಿಂಗ ವಿವಾಹ ನಿಷೇಧದ ಪ್ರಸ್ತಾಪ ಮತಪತ್ರದಲ್ಲಿತ್ತು, ಹನ್ನೊಂದೂ ಗೆದ್ದವು. ಮೆಲ್ಮನ್ ಆಮೇಲೆ ಪಕ್ಷದ ರಾಷ್ಟ್ರೀಯ ಅಧ್ಯಕ್ಷರಾದರು. 2010ರ ಆಗಸ್ಟಿನಲ್ಲಿ, ಅಂದರೆ ಔಟ್‌ರೇಜ್ ಬಂದ ಮರುವರ್ಷ, ‘ಅಟ್ಲಾಂಟಿಕ್’ ಪತ್ರಿಕೆಗೆ ತಾವು ಸಲಿಂಗಿ ಅಂತ ಹೇಳಿದರು. ಅಲ್ಲಿಂದಾಚೆ ಸಲಿಂಗ ವಿವಾಹದ ಪರ ದುಡ್ಡು ಎತ್ತಿದರು, 2013ರಲ್ಲಿ ನೂರಕ್ಕೂ ಹೆಚ್ಚು ರಿಪಬ್ಲಿಕನ್ನರ ಸಹಿ ಮಾಡಿಸಿ ಸುಪ್ರೀಂ ಕೋರ್ಟಿಗೆ ಕೊಟ್ಟರು. ಒಳ್ಳೆಯದೇ. ಆದರೆ ಕುದುರೆ ಓಡಿಹೋದ ಮೇಲೆ ಲಾಯಕ್ಕೆ ಬೀಗ ಹಾಕಿದ ಹಾಗೆ ಅನ್ನಿಸಿತು. ಆ ಹನ್ನೊಂದು ರಾಜ್ಯಗಳವರು ಅಷ್ಟು ವರ್ಷ ಕಾದದ್ದು ಕಾದದ್ದೇ.

ಚಿತ್ರದ ಬಗ್ಗೆ ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ಎಲ್ಲಿ ದಾಖಲೆ ಇದೆಯೋ ಅಲ್ಲಿ ಅದು ಗಟ್ಟಿ. ಐಡಾಹೋದ ಸೆನೆಟರ್ ಲ್ಯಾರಿ ಕ್ರೇಗ್ 2007ರ ಜೂನಿನಲ್ಲಿ ಮಿನಿಯಾಪೊಲಿಸ್ ವಿಮಾನ ನಿಲ್ದಾಣದ ಶೌಚಾಲಯದಲ್ಲಿ ಬಂಧನಕ್ಕೊಳಗಾಗಿ, ಅಸಭ್ಯ ವರ್ತನೆಯ ಆರೋಪವನ್ನು ಒಪ್ಪಿಕೊಂಡ ಪ್ರಕರಣ ಚಿತ್ರದಲ್ಲಿದೆ. ತಾನು ಸಲಿಂಗಿಯಲ್ಲ ಅಂತಲೇ ಅವರು ಹೇಳಿದರು, ಅದನ್ನೂ ಬರೆಯಬೇಕು. ಎಲ್ಲಿ ‘ಆತ ನನಗೆ ಗೊತ್ತು, ಇವನು ಅವನನ್ನು ನೋಡಿದ್ದಾನೆ’ ಅನ್ನುವ ಮಾತು ಬರುತ್ತದೋ ಅಲ್ಲಿ ಚಿತ್ರ ಸೊರಗುತ್ತದೆ. ವೋಚರ್ ಇಲ್ಲದ ಎಂಟ್ರಿ ಇದ್ದ ಹಾಗೆ. ನನಗೆ ಬಹಳ ಹೊತ್ತು ಕಾಡಿದ್ದು ಮಾತ್ರ ಇದ್ಯಾವುದೂ ಅಲ್ಲ. ನ್ಯೂಜೆರ್ಸಿಯ ರಾಜ್ಯಪಾಲರಾಗಿದ್ದ ಜಿಮ್ ಮೆಕ್‌ಗ್ರೀವಿ 2004ರ ಆಗಸ್ಟಿನಲ್ಲಿ ಟೀವಿ ಮುಂದೆ ನಿಂತು ತಾನು ಸಲಿಂಗಿ ಅಂತ ಹೇಳಿ ರಾಜೀನಾಮೆ ಘೋಷಿಸಿದರು. ಪಕ್ಕದಲ್ಲಿ ಹೆಂಡತಿ ನಿಂತಿದ್ದರು. ಆ ಹೆಂಡತಿ, ಡೀನಾ ಮಾಟೋಸ್, ಚಿತ್ರದಲ್ಲಿ ಮಾತಾಡುತ್ತಾರೆ. ಇಂಥ ಕಥೆಗಳಲ್ಲಿ ಎಲ್ಲರೂ ಗಂಡಸರ ಗುಟ್ಟಿನ ಬಗ್ಗೆ ಬರೆಯುತ್ತಾರೆ, ಆ ಗುಟ್ಟು ಕಾಯಲು ತಂದಿಟ್ಟುಕೊಂಡ ಹೆಂಗಸಿನ ಬಗ್ಗೆ ಬರೆಯುವವರು ಕಮ್ಮಿ. ನಮ್ಮಲ್ಲೂ ‘ಮದುವೆ ಮಾಡಿದರೆ ಸರಿಹೋಗ್ತಾನೆ’ ಅಂತ ಜಾತಕ ತೋರಿಸುವ ಮನೆಗಳು ಎಷ್ಟಿಲ್ಲ?

ನ್ಯೂಯಾರ್ಕಿನ ಮೇಯರ್ ಆಗಿದ್ದ ಎಡ್ ಕಾಚ್ ಅವರನ್ನು ಚಿತ್ರ ಇದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಈ ಒಂದು ವಿಷಯದಲ್ಲಿ ಕರ್ಬಿ ಡಿಕ್ ಜೊತೆ ನನಗೆ ಜಗಳವಿದೆ. ಕಾಚ್ 1978ರಲ್ಲಿ ಅಧಿಕಾರಕ್ಕೆ ಬಂದ ತಿಂಗಳಲ್ಲೇ ನಗರದ ನೌಕರಿಯಲ್ಲಿ ಸಲಿಂಗಿಗಳಿಗೆ ಭೇದ ಮಾಡಬಾರದು ಅಂತ ಆದೇಶ ಹೊರಡಿಸಿದವರು, 1986ರಲ್ಲಿ ಅವರ ಹಕ್ಕಿನ ಕಾನೂನು ಆದದ್ದೂ ಅವರ ಕಾಲದಲ್ಲೇ. ಏಡ್ಸ್ ವಿಷಯದಲ್ಲಿ ನಿಧಾನ ಮಾಡಿದರು, ಎಲ್ಲಿ ತನ್ನ ಮೇಲೆ ಅನುಮಾನ ಬರುತ್ತೋ ಅಂತ ಹೆದರಿದರು ಅನ್ನುವುದು ನಾಟಕಕಾರ ಲ್ಯಾರಿ ಕ್ರೇಮರ್ ಮುಂತಾದವರ ಆರೋಪ. ಸತ್ತವರ ಲೆಕ್ಕ ನೋಡಿದರೆ ಅವರ ಸಿಟ್ಟು ಅರ್ಥವಾಗುತ್ತದೆ. ಆದರೆ ಓಟಿನ ದಾಖಲೆಯ ಪರೀಕ್ಷೆ ಇಟ್ಟರೆ ಕಾಚ್ ಆ ಸಾಲಿನವರಲ್ಲ. ಯಾರು ಕೇಳಿದರೂ ‘ಅದು ನಿಮಗೆ ಸಂಬಂಧಪಟ್ಟದ್ದಲ್ಲ’ ಅನ್ನುವ ಧಾಟಿಯಲ್ಲೇ ಉತ್ತರ ಕೊಟ್ಟು 2013ರಲ್ಲಿ ತೀರಿಕೊಂಡರು. 2022ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಅವರ ಗೆಳೆಯರನ್ನು ಮಾತಾಡಿಸಿ ಅವರು ಸಲಿಂಗಿಯಾಗಿದ್ದರು, ಒಂಟಿತನದಲ್ಲಿ ಬಳಲಿದ್ದರು ಅಂತ ಬರೆಯಿತು.

ಚಿತ್ರ ಬಿಡುಗಡೆಯಾದಾಗ ಆದ ಒಂದು ತಮಾಷೆ ಹೇಳಲೇಬೇಕು. ಮಾಧ್ಯಮಗಳೂ ಈ ಗುಟ್ಟನ್ನು ಕಾಯುವುದರಲ್ಲಿ ಪಾಲುದಾರರು ಅನ್ನುವುದು ಚಿತ್ರದ ದೊಡ್ಡ ದೂರು. ಅಮೆರಿಕದ ನ್ಯಾಷನಲ್ ಪಬ್ಲಿಕ್ ರೇಡಿಯೋ ತನ್ನ ವೆಬ್‌ಸೈಟಿನಲ್ಲಿ ಚಿತ್ರದ ವಿಮರ್ಶೆ ಹಾಕಿತು, ರಾಜಕಾರಣಿಗಳ ಹೆಸರುಗಳನ್ನು ಮಾತ್ರ ಕತ್ತರಿಸಿ! ವಿಮರ್ಶಕ ಸಿಟ್ಟಾಗಿ ತನ್ನ ಹೆಸರನ್ನೂ ತೆಗೆಸಿದ. ಹೀಗಾಗಿ ಕೊನೆಗೆ ಯಾರ ಹೆಸರೂ ಇಲ್ಲದ, ಬರೆದವನ ಹೆಸರೂ ಇಲ್ಲದ ವಿಮರ್ಶೆ ಉಳಿಯಿತು. ಚಿತ್ರದ ವಾದಕ್ಕೆ ಇದಕ್ಕಿಂತ ಒಳ್ಳೆಯ ಜಾಹೀರಾತು ದುಡ್ಡು ಕೊಟ್ಟರೂ ಸಿಗುತ್ತಿರಲಿಲ್ಲ.

ಭಾರತದಲ್ಲಿ ಇಂಥ ಚಿತ್ರ ಯಾಕೆ ಬಂದಿಲ್ಲ ಅಂತ ಕೆಲವರು ಕೇಳಬಹುದು. ಮಾನನಷ್ಟ ಮೊಕದ್ದಮೆ, ಸೆನ್ಸಾರ್ ಎಲ್ಲಾ ಇದ್ದದ್ದೇ. ನನಗೆ ತೋರುವ ಕಾರಣ ಬೇರೆ. ಅಮೆರಿಕದಲ್ಲಿ ಪ್ರತಿ ಸಂಸದನ ಓಟು ಅವನ ಸ್ವಂತ ಖಾತೆಯಲ್ಲಿ ದಾಖಲಾಗುತ್ತದೆ, ಪಕ್ಷದ ಮಾತು ಮೀರಿದರೆ ಸೀಟು ಹೋಗುವುದಿಲ್ಲ. ನಮ್ಮಲ್ಲಿ 1985ರ ಪಕ್ಷಾಂತರ ನಿಷೇಧ ಕಾನೂನಿನ ಮೇಲೆ ವಿಪ್ ಬಂದರೆ ಮುಗಿಯಿತು, ಕೈ ಎತ್ತುವುದು ಪಕ್ಷ. ತಾಳೆ ನೋಡುವುದಕ್ಕೆ ಲೆಡ್ಜರೇ ಇಲ್ಲ. 377ನೇ ಸೆಕ್ಷನ್ನಿನ ವಿಷಯದಲ್ಲಂತೂ ಸಂಸತ್ತು ಮೈ ಮೇಲೆ ಹಾಕಿಕೊಳ್ಳಲೇ ಇಲ್ಲ. 2015ರ ಡಿಸೆಂಬರಿನಲ್ಲಿ ಶಶಿ ತರೂರ್ ಖಾಸಗಿ ಮಸೂದೆ ತಂದಾಗ ಅದನ್ನು ಮಂಡಿಸುವುದಕ್ಕೇ 71 ಜನ ಬೇಡ ಅಂದರು, 24 ಜನ ಬೇಕು ಅಂದರು. ಉಳಿದ ನಾನೂರಕ್ಕೂ ಹೆಚ್ಚು ಸದಸ್ಯರು ಲೆಕ್ಕದಲ್ಲೇ ಇಲ್ಲ. 2009ರ ಜುಲೈ 2ಕ್ಕೆ ದೆಹಲಿ ಹೈಕೋರ್ಟು ಬಿಡಿಸಿತು, 2013ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಕಟ್ಟಿತು, 2018ರ ಸೆಪ್ಟೆಂಬರ್ 6ಕ್ಕೆ ಅದೇ ಕೋರ್ಟು ಬಿಡಿಸಿತು. ಎಲ್ಲಾ ಕೋರ್ಟಿನಲ್ಲೇ.

ಹಾಗಾಗಿ ನಮ್ಮ ಡಾಕ್ಯುಮೆಂಟರಿಗಳು ರಾಜಕಾರಣಿಯ ಬೆನ್ನು ಹತ್ತದೆ ಪೆಟ್ಟು ತಿಂದವರ ಹತ್ತಿರ ಹೋದವು. ಕರ್ನಾಟಕ ಮೂಲದ, ಮುಂಬೈಯಲ್ಲೇ ನೆಲೆಸಿ ‘ಕಶಿಶ್’ ಚಿತ್ರೋತ್ಸವವನ್ನು 2010ರಲ್ಲಿ ಶುರುಮಾಡಿದ ಶ್ರೀಧರ್ ರಂಗಾಯನ್ ಅವರ ‘ಬ್ರೇಕಿಂಗ್ ಫ್ರೀ’ 2015ರದು. ಸಂಕಲನಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಚಿತ್ರ. 377 ತೋರಿಸಿ ಹೆದರಿಸಿ ದುಡ್ಡು ಕೀಳುವುದು ಹೇಗೆ ನಡೆಯುತ್ತಿತ್ತು ಅನ್ನುವುದು ಅದರಲ್ಲಿದೆ. ನೋಡುವಾಗ ನನಗೆ ಆ ನಾಲ್ಕು ಎಫ್‌ಡಿಗಳ ನೆನಪಾಯಿತು.

ಇನ್ನು ನಮ್ಮ ಇಲಾಖೆಯ ಸುದ್ದಿ. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲಿಲ್ಲ. 2024ರ ಆಗಸ್ಟಿನಲ್ಲಿ ಮಾತ್ರ ಹಣಕಾಸು ಸಚಿವಾಲಯ ಒಂದು ಸ್ಪಷ್ಟನೆ ಹೊರಡಿಸಿತು. ಇಂಥ ಸಂಗಾತಿಗಳು ಜಂಟಿ ಖಾತೆ ತೆರೆಯುವುದಕ್ಕೆ, ಒಬ್ಬರು ಇನ್ನೊಬ್ಬರನ್ನು ನಾಮಿನಿ ಮಾಡುವುದಕ್ಕೆ ಯಾವ ಅಡ್ಡಿಯೂ ಇಲ್ಲ ಅಂತ. ಅಡ್ಡಿ ಮುಂಚೆಯೂ ಇರಲಿಲ್ಲ, ಇಬ್ಬರು ಗೆಳೆಯರು ಜಂಟಿ ಖಾತೆ ತೆರೆಯಬಹುದಿತ್ತು. ಫಾರಂ ತುಂಬುವಾಗ ‘ಸಂಬಂಧ’ ಅನ್ನುವ ಕಾಲಮ್ಮಿನ ಹತ್ತಿರ ಪೆನ್ನು ನಿಲ್ಲುತ್ತಿತ್ತು, ಅಷ್ಟೇ.

ಔಟ್‌ರೇಜ್ ನೋಡುವ ಮನಸ್ಸಿದ್ದವರು ಅದೇ ವರ್ಷದ ‘ಈಡಿ ಅಂಡ್ ಥಿಯಾ’ ಎಂಬ ಡಾಕ್ಯುಮೆಂಟರಿಯನ್ನೂ ಜೊತೆಗೇ ನೋಡಿ. ಮೇಲೆ ಹೇಳಿದ ಆ ಇಬ್ಬರು ಹೆಂಗಸರ ಮೇಲಿನ ಚಿತ್ರ. ತೆರಿಗೆಯ ನೋಟಿಸು, ಕೋರ್ಟು ಯಾವುದೂ ಅದರಲ್ಲಿಲ್ಲ, ಅದೆಲ್ಲಾ ಆಮೇಲೆ ಬಂದದ್ದು. ಥಿಯಾ ಗಾಲಿಕುರ್ಚಿಯಲ್ಲಿದ್ದಾರೆ, ಇಬ್ಬರೂ ಹಳೆಯ ಫೋಟೋಗಳನ್ನು ನೋಡಿಕೊಂಡು ಹರಟುತ್ತಾರೆ.